ಗೊಂಬೆಯೊಳಗೆ ನಮ್ಮ ಹೊಲ

ಕೊಪ್ಪಳಕ್ಕೆ ಹೊಂದಿಕೊಂಡ ನಮ್ಮ ಭಾಗ್ಯನಗರ ನೇಕಾರರ ಊರು. ನಂದು ಮಳೆ ನಂಬಿದ ಒಣಬೇಸಾಯ. ಹತ್ತಿರದ ಕಿನ್ನಾಳದಲ್ಲಿ ಒಬ್ಬ ಚಿತ್ರಗಾರ ನನಗೆ ಹಳೇ ದೋಸ್ತ. ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಹೆಸರು ದೊಡ್ಡದು. ಆದರೂ ಆತನ ಮಾತು ಒಂದೇ: "ಮಂದಿ ಗೊಂಬಿ ಚಂದ ಐತಿ ಅಂತಾರ, ಹೊಕ್ಕಾರ. ಒಳಗೇನೈತಿ ಅಂತ ಯಾರೂ ಕೇಳಂಗಿಲ್ಲ."

ಹೋದ ವರ್ಷ ಹಬ್ಬಕ್ಕೆ ಆತ, ನಾನು, ನಮ್ಮ ಓಣಿಯ ನೇಕಾರ ಗೆಳೆಯ ಕೂಡಿ ಗುಡಿಕಟ್ಟೆಯ ಮೇಲೆ ಪ್ರದರ್ಶನ ಇಟ್ಟೆವು. ನೇಕಾರ ತಾನು ನೇಯ್ದ ಸೀರೆಯನ್ನೇ ಹಿಂದೆ ಪರದೆ ಕಟ್ಟಿದ. ಮುಂದೆ ಗರುಡ, ಗೌರಿ. ಪಕ್ಕದಲ್ಲಿ ಗೊಂಬೆಗೆ ಬೇಕಾದ್ದೆಲ್ಲ: ಹಗುರ ಕಟ್ಟಿಗೆ, ಗೋಣಿಯ ಚಿಂದಿ, ಹುಣಸೆಬೀಜ, ಹತ್ತಿ. ಚಿಂದಿ ಒಣಗಿಸಿ ಪುಡಿ ಮಾಡಿ, ಕಟ್ಟಿಗೆಪುಡಿ, ಹುಣಸೆಬೀಜದ ಅಂಟು ಕೂಡಿಸಿದರೆ 'ಕಿಟ್ಟ'. ಅದನ್ನು ಮೈಗೆಲ್ಲ ಮೆತ್ತಿ, ಹತ್ತಿಯ ತುಣುಕು ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟ ಮೇಲೇ ಬಣ್ಣ.

ಮಂದಿ ಗೊಂಬೆಗಿಂತ ಬೀಜದ ಬುಟ್ಟಿ ಮುಂದೆ ಹೆಚ್ಚು ಹೊತ್ತು ನಿಂತರು. "ಇದನ್ನ ತಿಪ್ಪಿಗೆ ಚೆಲ್ತೀವಲ್ಲೋ ತಮ್ಮಾ" ಎಂದಳು ಅಜ್ಜಿಯೊಬ್ಬಳು.

ನನಗೆ ಒಳಗೇ ಚುರುಕ್ ಅಂತು. ಬದುವಿನ ಹುಣಸೆಮರವನ್ನು ಕಟ್ಟಿಗೆಗೆ ಮಾರಿ ಮುಂಗಡ ಖರ್ಚು ಮಾಡಿಬಿಟ್ಟಿದ್ದೆ. ನೆರಳಿಗೆ ಜೋಳ ಏಳದು ಎಂಬ ಸಿಟ್ಟು (ಅದು ಸುಳ್ಳಲ್ಲ, ಎರಡು ಸಾಲು ಇಂದಿಗೂ ಬಡಕಲು). ರಾತ್ರಿ ಚಿತ್ರಗಾರನಿಗೆ ಹೇಳಿದೆ. ಆತ ಬಯ್ಯಲಿಲ್ಲ. "ಬೀಜ ಎಲ್ಲಿಂದರ ತರ್ತೀನಿ ಬಿಡಪಾ" ಎಂದ. ಅದೇ ಚುಚ್ಚಿತು.

ಮರುದಿನ ನೇಕಾರನ ಕಡೆ ಕೈಗಡ ಪಡೆದು ಮುಂಗಡ ತಿರುಗಿ ಕೊಟ್ಟೆ. ಆ ಸಾಲ ಇನ್ನೂ ಅರ್ಧ ಉಳಿದಿದೆ. ಈ ಸಲ ಹಣ್ಣು ಬಡಿದ ಮೇಲೆ ಒಂದು ಚೀಲ ಬೀಜ ಕಿನ್ನಾಳಕ್ಕೆ ಹೋಯಿತು.