ಜಾವಾ ಬೀನಿಗೆ ಹಾಕಿದ ಬೇಲಿ

ಮಂಗಳೂರಿನ ಬಂದರಿನಲ್ಲಿ ಗುರುಪುರ ನದಿಯ ದಕ್ಕೆಯ ಮೇಲೆ ನಿಂತರೆ, ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳಿಗೆ ಸರಕು ತುಂಬುವುದನ್ನು ಕಾಣಬಹುದು. ಅಲ್ಲಿಯ ವರ್ತಕನೊಬ್ಬನು ಮಂಜಿಯ ಯಜಮಾನನಿಗೆ 20,000 ರೂಪಾಯಿ ಬಾಡಿಗೆಯನ್ನು ಬ್ಯಾಂಕಿನ ಮೂಲಕ ಕಳುಹಿಸುತ್ತಾನೆನ್ನೋಣ. ಒಂದು ಖಾತೆಯಲ್ಲಿ ಖರ್ಚು, ಇನ್ನೊಂದರಲ್ಲಿ ಜಮಾ. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಕೂಡದು. ಇಂಥ ಬಿಡಿಸಲಾಗದ ಜೋಡಿಗೆ ಗಣಕದವರು ‘ಟ್ರಾನ್ಸಾಕ್ಷನ್’ ಎನ್ನುತ್ತಾರೆ.

ಪ್ರೋಗ್ರಾಮು ಬರೆಯುವ ಪ್ರತಿಯೊಬ್ಬನೂ ಈ ಹೊಣೆಯನ್ನು ತಾನೇ ಹೊರಬೇಕಾಗದಂತೆ, ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1998ರಲ್ಲಿ ‘ಎಂಟರ್‌ಪ್ರೈಸ್ ಜಾವಾಬೀನ್ಸ್’ ಎಂಬ ನಿಯಮಾವಳಿಯನ್ನು ಹೊರತಂದಿತು. ವ್ಯವಹಾರದ ಒಂದೊಂದು ಕೆಲಸಕ್ಕೆ ಒಂದೊಂದು ಘಟಕ, ಅದೇ ಬೀನ್. ಬೀನುಗಳನ್ನು ನಡೆಸುವುದು ‘ಕಂಟೇನರ್’. ಈ ಹೆಸರು ಕೇಳಿ ಪಣಂಬೂರಿನ ಉಕ್ಕಿನ ಪೆಟ್ಟಿಗೆಗಳನ್ನು ನೆನೆಯುವುದಕ್ಕಿಂತ ದಕ್ಕೆಯ ಮೇಸ್ತ್ರಿಯನ್ನು ನೆನೆಯುವುದು ಮೇಲು. ಯಾವ ಕೆಲಸಕ್ಕೆ ಯಾರು ಹೋಗಬೇಕು, ಕೆಲಸ ಕೆಟ್ಟರೆ ಯಾವ ಮೂಟೆಯನ್ನು ಹಿಂದಕ್ಕೆ ಇಳಿಸಬೇಕು ಎಂಬುದೆಲ್ಲ ಅವನ ಲೆಕ್ಕ.

ಈ ಸೌಕರ್ಯಕ್ಕೆ ಬೆಲೆಯುಂಟು. ಬೀನು ಕಡತಗಳನ್ನು ನೇರವಾಗಿ ತೆರೆಯಕೂಡದೆಂಬ ನಿಯಮವೂ 2013ರವರೆಗೆ ಇತ್ತು. ಬದಲಾಗುವ ‘ಸ್ಟಾಟಿಕ್’ ಮೌಲ್ಯವನ್ನು ಇಟ್ಟುಕೊಳ್ಳಕೂಡದು. ಒಂದೇ ಬೀನಿನ ಪ್ರತಿಗಳು ಬೇರೆಬೇರೆ ಯಂತ್ರಗಳಲ್ಲಿ ಓಡುತ್ತಿರಬಹುದಷ್ಟೆ, ಒಂದರಲ್ಲಿ ಬರೆದುದು ಇನ್ನೊಂದಕ್ಕೆ ಕಾಣದು. ಎಲ್ಲಕ್ಕಿಂತ ಮುಖ್ಯವಾಗಿ, ತಾನಾಗಿ ಹೊಸ ‘ಥ್ರೆಡ್’ ಅನ್ನು, ಎಂದರೆ ಜೊತೆಯಲ್ಲೇ ಸಾಗುವ ಇನ್ನೊಂದು ಕೆಲಸದ ಎಳೆಯನ್ನು, ಹೊರಡಿಸಕೂಡದು.

ಹೊರಡಿಸಿದರೆ ಏನಾಗುವುದು? ಟ್ರಾನ್ಸಾಕ್ಷನ್ ಎಂಬುದು ಕಂಟೇನರ್ ಕೊಟ್ಟ ಎಳೆಗೇ ಅಂಟಿಕೊಂಡಿರುತ್ತದೆ. ಜಮಾ ಮಾಡುವುದು ತಡವಾಗುವುದೆಂದು ಅವಸರದ ಪ್ರೋಗ್ರಾಮರನು ಅದನ್ನು ಹೊಸ ಎಳೆಗೆ ಒಪ್ಪಿಸಿದನೆನ್ನಿ. ಕೊನೆಯ ಗಳಿಗೆಯಲ್ಲಿ ಖರ್ಚು ವಿಫಲವಾದರೆ ಕಂಟೇನರ್ ಅದನ್ನು ರದ್ದುಗೊಳಿಸುತ್ತದೆ. ಹೊಸ ಎಳೆಯಾದರೋ ಮೇಸ್ತ್ರಿಯ ಪಟ್ಟಿಯಲ್ಲೇ ಇಲ್ಲ. ವರ್ತಕನ ಹಣ ಕಳೆದಿಲ್ಲ, ಯಜಮಾನನಿಗೆ ಹಣ ಬಂದಿದೆ! ಅನೇಕ ಸರ್ವರುಗಳು ಈ ಉಲ್ಲಂಘನೆಯನ್ನು ತಡೆಯುವುದೂ ಇಲ್ಲ. ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ಇದು ಹೆಚ್ಚು ಅಪಾಯಕಾರಿಯೆಂದು ನಾವು ಎಣಿಸುತ್ತೇವೆ.

ಇದಕ್ಕೆ ಬಳಸುದಾರಿಯೊಂದು 2001ರ ಎರಡನೆಯ ಆವೃತ್ತಿಯಲ್ಲಿ ದೊರೆಯಿತು: ಸಂದೇಶಗಳಿಂದ ಎಚ್ಚರಗೊಳ್ಳುವ ಬೀನ್. ಖರ್ಚಿನ ಬೀನು ‘ಇಷ್ಟು ಜಮಾ ಮಾಡಿ’ ಎಂಬ ಚೀಟಿಯನ್ನು ಅದೇ ಟ್ರಾನ್ಸಾಕ್ಷನ್ನಿನೊಳಗೆ ಸಂದೇಶಗಳ ಸಾಲಿನಲ್ಲಿಡುತ್ತದೆ. ಖರ್ಚು ಸ್ಥಿರವಾಗುವವರೆಗೆ ಚೀಟಿ ಹೊರಡದು. ಖರ್ಚು ರದ್ದಾದರೆ ಚೀಟಿಯೂ ರದ್ದು. ಜಮಾ ಮಾಡುವ ಬೀನು ಎಡವಿದರೆ ಚೀಟಿ ಮತ್ತೆ ಬರುತ್ತದೆ. ಆದುದರಿಂದ ಒಂದೇ ಚೀಟಿಗೆ ಎರಡು ಸಲ ಜಮಾ ಆಗದಂತೆ ಅದರ ಸಂಖ್ಯೆಯನ್ನು ನೋಡಿಕೊಳ್ಳಬೇಕು. ನಡುವೆ ಸ್ವಲ್ಪ ಹೊತ್ತು ಹಣ ಯಾರ ಖಾತೆಯಲ್ಲೂ ಇರುವುದಿಲ್ಲವೆಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕಾಯಿತು.

2003ರಲ್ಲಿ ಗೊತ್ತಾದ ಹೊತ್ತಿಗೆ ಕೆಲಸ ಹಚ್ಚುವ ಟೈಮರ್ ಬಂದಿತು. 2009ರ 3.1ನೆಯ ಆವೃತ್ತಿಯು ಕರೆದವನನ್ನು ಕಾಯಿಸದೆ ಬೇರೆ ಎಳೆಯಲ್ಲಿ ನಡೆಯುವ ಕಾರ್ಯಗಳಿಗೂ ಅನುಮತಿ ಕೊಟ್ಟಿತು. ಆ ಎಳೆಯನ್ನು ಕಂಟೇನರೇ ಒದಗಿಸುತ್ತದೆ, ನಿಜ. ಆದರೆ ಕರೆದವನ ಟ್ರಾನ್ಸಾಕ್ಷನ್ ಅದರ ಹಿಂದೆ ಹೋಗುವುದಿಲ್ಲ. ಬಾಡಿಗೆಯ ಜಮಾವನ್ನು ಇದಕ್ಕೆ ಒಪ್ಪಿಸಿದವನು ಮರಳಿ ಅದೇ ಹೊಂಡಕ್ಕೆ ಬೀಳುತ್ತಾನೆ.