ಅಜ್ಜಿ ಬಚ್ಚಿಟ್ಟ ಗಾಯ

2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ನಾನು ಒಂಬತ್ತನೇ ತರಗತಿ. ಅಜ್ಜಿಗೆ ಬಿ.ಪಿ., ಶುಗರ್ ಎರಡೂ ಇದ್ದವು. ತಿಂಗಳಿಗೊಮ್ಮೆ ಬೈರಮಂಗಲದಿಂದ ಬಿಡದಿಗೆ ಬಸ್ಸಿನಲ್ಲಿ ಹೋಗಿ ಡಾಕ್ಟರಿಗೆ ತೋರಿಸಿ ಬರುತ್ತಿದ್ದರು. ಬಸ್ ನಿಂತಿತು. ಮತ್ತೆ ಬಸ್ ಬಂದ ಮೇಲೂ ಅಜ್ಜಿ ಹೊರಡಲಿಲ್ಲ. ‘ಆಸ್ಪತ್ರೆಗೆ ಹೋದ್ರೆ ಇಲ್ದೇ ಇರೋ ಕಾಯ್ಲೆ ಅಂಟ್ಕತದೆ ಕಣ್ ಮಗ, ನಾ ಬರಾಕಿಲ್ಲ’ ಎಂದರು. ಇದ್ದ ಮಾತ್ರೆಯನ್ನೇ ದಿನ ಬಿಟ್ಟು ದಿನ ನುಂಗಿದರು. ಕಾಲಿನ ಗಾಯವನ್ನು ಸೀರೆಯಲ್ಲಿ ಮುಚ್ಚಿಟ್ಟರು. ನಮಗೆ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಒಂದು ಬೆರಳು ತೆಗೆಯಬೇಕಾಯಿತು.

ಆ ವರ್ಷ ಏಪ್ರಿಲ್‌ನಲ್ಲೇ ಕೇಂದ್ರ ಸರ್ಕಾರ ಇ–ಸಂಜೀವನಿ ಒಪಿಡಿ ಆರಂಭಿಸಿತ್ತು. ಮನೆಯಿಂದಲೇ ವೈದ್ಯರೊಂದಿಗೆ ವಿಡಿಯೊದಲ್ಲಿ ಉಚಿತವಾಗಿ ಮಾತನಾಡಬಹುದಿತ್ತು. ಆನ್‌ಲೈನ್ ಕ್ಲಾಸಿನ ಫೋನು ಇಡೀ ದಿನ ನನ್ನ ಕೈಯಲ್ಲೇ ಇತ್ತು. ಆದರೆ ಅದು ನನಗೆ ಗೊತ್ತಿರಲಿಲ್ಲ.

ಈಗ ಬಿ.ಇ. ಓದುತ್ತಿದ್ದೇನೆ. ಮನೆಗೆ ಬಿ.ಪಿ. ಮಷಿನ್ ಬಂದಿದೆ. ಗೆಳೆಯರೋ, ಜ್ವರ ಬಂದರೆ ಗೂಗಲ್ ನೋಡಿ ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಕೊಳ್ಳುತ್ತಾರೆ. ಅಂದು ಭಯ ನಮ್ಮನ್ನು ಆಸ್ಪತ್ರೆಯಿಂದ ದೂರವಿಟ್ಟಿತು, ಇಂದು ಸೋಮಾರಿತನ. ಮಾಮೂಲಿ ಸಲಹೆಗೆ ಫೋನು ಸಾಕು. ಗಾಯಕ್ಕೆ ಡಾಕ್ಟರ ಕೈಯೇ ಬೇಕು. ಊರಿಗೆ ಹೋದಾಗ ನಾನು ಮೊದಲು ನೋಡುವುದು ಅಜ್ಜಿಯ ಪಾದ. ನೀವೂ ಒಮ್ಮೆ ಮನೆಯ ಹಿರಿಯರ ಮಾತ್ರೆ ಡಬ್ಬಿ ತೆರೆದು ನೋಡಿ.