ಕಾಫಿ ಹೂವಿನ ಅಲ್ಪಾಯುಷ್ಯದಲ್ಲಿ ನಡೆಯುವ ಮಹಾಕಾರ್ಯ

ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬಿಸಿಲಿನ ನಡುವೆ ಬೀಳುವ, ಬೆಳೆಗಾರರು ಹೂಮಳೆ ಎಂದು ಕರೆಯುವ ಮಳೆಗೆ ವರ್ಷದ ಬೇರಾವ ಮಳೆಗೂ ಇಲ್ಲದ ಬೆಲೆಯಿದೆ. ಒಣಹವೆಯಲ್ಲಿ ಬೆಳವಣಿಗೆ ನಿಲ್ಲಿಸಿ ಸುಪ್ತವಾಗಿದ್ದ ಮೊಗ್ಗುಗಳು ಸುಮಾರು ಒಂದು ಇಂಚು ಮಳೆಯಾದೊಡನೆ ಚೇತರಿಸಿಕೊಂಡು, ಒಂದು ವಾರದಿಂದ ಹತ್ತು ದಿನಗಳೊಳಗೆ ಇಡೀ ತೋಟವೇ ಬೆಳ್ಳಗಾಗುವಂತೆ ಒಟ್ಟಿಗೆ ಅರಳುತ್ತವೆ. ಮಲ್ಲಿಗೆಯ ಕಂಪನ್ನು ನೆನಪಿಸುವ ಈ ಹೂಗಳು ಎರಡು ಮೂರು ದಿನಗಳಲ್ಲೇ ಬಾಡಿ ಕಂದುತ್ತವೆ. ಪರಾಗಕೋಶದಿಂದ ಹೊರಬಿದ್ದ ಪರಾಗವು ಹೆಣ್ಣು ಭಾಗದ ತುದಿಯಾದ ಶಲಾಕಾಗ್ರವನ್ನು ತಲುಪುವ ಕ್ರಿಯೆ, ಅಂದರೆ ಪರಾಗಸ್ಪರ್ಶ, ಇಷ್ಟರೊಳಗೆ ಮುಗಿಯಬೇಕು; ಅರಳಿದ ದಿನವೇ ಮತ್ತೆ ಮಳೆ ಸುರಿದರೆ ಪರಾಗ ತೊಳೆದುಹೋಗಿ ಕಾಯಿ ಕಚ್ಚುವುದು ಕುಂಠಿತವಾಗುತ್ತದೆ.

ತೋಟಗಳಲ್ಲಿ ಅಕ್ಕಪಕ್ಕದಲ್ಲೇ ಬೆಳೆಯುವ ಅರೇಬಿಕಾ ಮತ್ತು ರೋಬಸ್ಟಾ ಈ ವಿಷಯದಲ್ಲಿ ಬೇರೆ ಬೇರೆ ದಾರಿ ಹಿಡಿದಿವೆ. ಅರೇಬಿಕಾ ತನ್ನದೇ ಹೂವಿನ ಪರಾಗದಿಂದ ಕಾಯಿ ಕಟ್ಟಬಲ್ಲದು. ರೋಬಸ್ಟಾ ಹಾಗಲ್ಲ, ತನ್ನ ಗಿಡದ ಪರಾಗ ಎಷ್ಟೇ ಬಿದ್ದರೂ ಅದು ಅಂಡಾಶಯದವರೆಗೆ ಇಳಿಯದಂತೆ ತಡೆಯುವ ಸ್ವ-ಅಸಾಮರಸ್ಯವೆಂಬ ಗುಣ ಅದಕ್ಕಿದೆ, ಹಾಗಾಗಿ ಅದರ ಪ್ರತಿಯೊಂದು ಕಾಯಿಯ ಹಿಂದೆಯೂ ಬೇರೊಂದು ಗಿಡದಿಂದ ಬಂದ ಪರಾಗವಿರುತ್ತದೆ. ಒಂದೇ ಗಿಡದ ಕಡ್ಡಿಗಳಿಂದ ಬೆಳೆಸಿದ, ತದ್ರೂಪಿ ಸಸಿಗಳನ್ನೇ ತೋಟದ ತುಂಬ ನೆಟ್ಟರೆ ಹೂವು ಹೇರಳವಾಗಿ ಬಂದರೂ ಫಸಲು ಕೈಕೊಡುವುದು ಇದರಿಂದಲೇ, ಮತ್ತು ಪರಸ್ಪರ ಒಗ್ಗುವ ಹಲವು ತದ್ರೂಪಿಗಳನ್ನು ಬೆರೆಸಿ ನೆಡುವುದಕ್ಕೂ ಇದೇ ಕಾರಣ.

ಹೀಗೆ ಗಿಡದಿಂದ ಗಿಡಕ್ಕೆ ಪರಾಗ ಸಾಗಿಸುವ ಕೆಲಸದಲ್ಲಿ ಗಾಳಿಯ ಪಾಲೂ ಇದೆ, ಏಕೆಂದರೆ ರೋಬಸ್ಟಾದ ಪರಾಗ ಹಗುರವಾದದ್ದು. ಆದರೂ ದೊಡ್ಡ ಮರಗಳ ಎತ್ತರದ ಕೊಂಬೆಗಳಲ್ಲಿ ಎರಿ ಕಟ್ಟುವ ಹೆಜ್ಜೇನು, ಪೊಟರೆಗಳಲ್ಲಿ ನೆಲೆಸುವ ತುಡುವೆ ಮತ್ತು ಮುಜಂಟಿ ಜೇನುಗಳು ಹೂವಿನಿಂದ ಹೂವಿಗೆ ಓಡಾಡಿ ಮಾಡುವ ಸೇವೆಯನ್ನು ಗಾಳಿಯೊಂದೇ ತುಂಬಿಕೊಡಲಾರದು. ತುಂತುರು ನೀರಾವರಿಯಿಂದ ಬೆಳೆಗಾರನು ಮಳೆಯನ್ನು ಕಾಯದೆ ಹೂ ಅರಳಿಸಬಲ್ಲ, ಆದರೆ ಜೇನನ್ನು ಹಾಗೆ ಬರಿಸಲಾರ. ನೆರಳಿಗೆಂದು ಉಳಿಸಿಕೊಂಡ ಅತ್ತಿ, ಬಸರಿ ಮುಂತಾದ ಕಾಡುಮರಗಳನ್ನು ಕಡಿದು ಸಿಲ್ವರ್ ಓಕ್ ಬೆಳೆಸುವ ತೋಟಗಳು ಮರದ ಬೆಲೆಯನ್ನಷ್ಟೇ ಲೆಕ್ಕ ಹಾಕಿ ಹೆಜ್ಜೇನಿನ ನೆಲೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು ವಿಷಾದದ ಸಂಗತಿ.

ಒಗ್ಗುವ ಪರಾಗಕಣವು ಶಲಾಕಾಗ್ರದ ಮೇಲೆ ಮೊಳೆತು, ಕೂದಲಿಗಿಂತ ಸೂಕ್ಷ್ಮವಾದ ಪರಾಗನಳಿಕೆಯನ್ನು ಶಲಾಕೆಯೊಳಗೆ ಇಳಿಬಿಟ್ಟು, ಅದರ ಮೂಲಕ ಎರಡು ಗಂಡು ಕೋಶಗಳನ್ನು ಅಂಡಾಶಯಕ್ಕೆ ಒಯ್ಯುತ್ತದೆ. ಒಂದು ಅಂಡಕೋಶದೊಡನೆ ಕೂಡಿ ಭ್ರೂಣವಾದರೆ, ಇನ್ನೊಂದು ನಡುವಿನ ಎರಡು ಕೋಶಕೇಂದ್ರಗಳೊಡನೆ ಬೆರೆತು ಭ್ರೂಣಕ್ಕೆ ಆಹಾರವಾಗುವ ಭ್ರೂಣಪೋಷವನ್ನು ರೂಪಿಸುತ್ತದೆ. ಹೂಬಿಡುವ ಸಸ್ಯಗಳ ಈ ವಿಶಿಷ್ಟ ಇಮ್ಮಡಿ ನಿಶೇಚನವನ್ನು ರಷ್ಯಾದ ಸಸ್ಯವಿಜ್ಞಾನಿ ಸೆರ್ಗೈ ನವಾಶಿನ್ ಲಿಲ್ಲಿ ಜಾತಿಯ ಗಿಡಗಳಲ್ಲಿ ಗುರುತಿಸಿ 1898ರಲ್ಲಿ ಪ್ರಕಟಿಸಿದನು. ಹುರಿದು ಪುಡಿ ಮಾಡುವ ಕಾಫಿ ಬೀಜದ ಬಹುಪಾಲು ಈ ಭ್ರೂಣಪೋಷವೇ. ಭ್ರೂಣವು ಅದರ ಒಂದು ಮೂಲೆಯಲ್ಲಿ ಅಡಗಿದ ಕೆಲವೇ ಮಿಲಿಮೀಟರ್ ಉದ್ದದ ಎಳೆ. ರೋಬಸ್ಟಾ ಗಿಡದ ಜೀವಕೋಶದಲ್ಲಿ 22 ವರ್ಣತಂತುಗಳಿದ್ದರೆ ಭ್ರೂಣಪೋಷದಲ್ಲಿ 33 ಇರುತ್ತವೆ, ಅದರಲ್ಲಿ 22 ತಾಯಿಯವು, 11 ತಂದೆಯವು. ಅಂದರೆ ಬಟ್ಟಲಿನ ಕಾಫಿಗೆ ಕಾರಣವಾದದ್ದು ಸಸಿಯನ್ನು ಹುಟ್ಟಿಸುವ ಮಿಲನವಲ್ಲ, ಅದರ ಜೊತೆಯಲ್ಲೇ ನಡೆದ ಎರಡನೆಯ ಮಿಲನ.

ನಿಶೇಚನವಾದ ಅಂಡಾಶಯವು ಕೆಲವು ವಾರ ಗುಂಡುಸೂಜಿಯ ತಲೆಯಷ್ಟೇ ಇದ್ದು, ಮುಂಗಾರಿನಲ್ಲಿ ವೇಗವಾಗಿ ಬಲಿತು, ಅರೇಬಿಕಾದಲ್ಲಿ ಎಂಟು ಒಂಬತ್ತು, ರೋಬಸ್ಟಾದಲ್ಲಿ ಹತ್ತು ಹನ್ನೊಂದು ತಿಂಗಳಿಗೆ ಹಣ್ಣಾಗುತ್ತದೆ. ಮೊದಮೊದಲು ಬೀಜದ ಜಾಗವನ್ನು ತಾಯಿಗಿಡದ ಅಂಗಾಂಶವೇ ತುಂಬಿರುತ್ತದೆ. ಭ್ರೂಣಪೋಷವು ಅದನ್ನು ಹೀರಿಕೊಂಡು ಬೆಳೆದ ಮೇಲೆ ಉಳಿಯುವ ತೆಳುಪೊರೆಯೇ ಹುರಿಯುವಾಗ ಉದುರುವ ಬೆಳ್ಳಿಸಿಪ್ಪೆ. ಅಂಡಾಶಯದ ಎರಡು ಕೋಣೆಗಳ ಅಂಡಕಗಳೂ ಫಲಿಸಿದರೆ ಒಂದರ ಪಕ್ಕಕ್ಕೊಂದು ಒತ್ತಿ ಚಪ್ಪಟೆಯಾದ ಎರಡು ಬೀಜಗಳು ಸಿಗುತ್ತವೆ. ಒಂದು ಅಂಡಕಕ್ಕೆ ನಿಶೇಚನ ತಪ್ಪಿದರೆ ಅಥವಾ ಅದು ನಡುವೆ ಸೊರಗಿದರೆ ಇನ್ನೊಂದು ಅಡ್ಡಿಯಿಲ್ಲದೆ ದುಂಡಗೆ ಬೆಳೆಯುತ್ತದೆ, ಮತ್ತು ಕಾಫಿಪುಡಿ ಅಂಗಡಿಗಳಲ್ಲಿ ಪೀಬೆರಿ ಎಂಬ ಹೆಸರಿನಲ್ಲಿ ಬೇರೆಯಾಗಿ ಮಾರಾಟವಾಗುವುದು ಇದೇ ಒಂಟಿ ಬೀಜ.